ದನದ ಕೆರೆಗೆ ದೋಣಿ

ಪಂಚಾಯ್ತಿ ಆಫೀಸಿನ ಮುಂದೆ ಕಟ್ಟಿದ ಫ್ಲೆಕ್ಸಿನಲ್ಲಿ ಕೆರೆಯ ಹಿಂದೆ ಹಿಮದ ಗುಡ್ಡಗಳಿದ್ದವು. ನೀರು ಆಕಾಶಕ್ಕಿಂತ ನೀಲಿ. ನೀರಿನ ಮೇಲೆ ಹಂಸದ ಕುತ್ತಿಗೆಯ ದೋಣಿ, ದೋಣಿಯೊಳಗೆ ಕಪ್ಪು ಕನ್ನಡಕದ ಗಂಡ ಹೆಂಡತಿ, ಕೈ ಬೀಸುವ ಮಕ್ಕಳು. ಗಿರಣಿಯಿಂದ ಜೋಳದ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದ ಸುನಿತಾ ನಿಂತು ನೋಡಿದಳು. ಕೆಳಗೆ ದಪ್ಪ ಅಕ್ಷರದಲ್ಲಿ ಊರ ಹೆಸರು ಬರೆದಿರದಿದ್ದರೆ, ಇದು ತಮ್ಮ ದನದ ಕೆರೆ ಎಂದು ಯಾರು ಆಣೆ ಮಾಡಿ ಹೇಳಿದರೂ ಅವಳು ನಂಬುತ್ತಿರಲಿಲ್ಲ.

ದನದ ಕೆರೆ ಮಳೆಗಾಲದಲ್ಲಿ ತುಂಬುತ್ತಿತ್ತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಎಮ್ಮೆಗಳ ಹೊಟ್ಟೆ ಮುಳುಗುವಷ್ಟಕ್ಕೆ ಇಳಿಯುತ್ತಿತ್ತು. ಆಮೇಲೆ ಅದರ ತಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಫ್ಲೆಕ್ಸಿನ ತುದಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇತ್ತು. ಊರಿನ ಮಂದಿ ದೋಣಿ ನೋಡುತ್ತಾರೆ, ಗುಡ್ಡ ನೋಡುತ್ತಾರೆ, ಆ ಸಾಲಿನವರೆಗೆ ಬಗ್ಗುವುದಿಲ್ಲ. ಸುನಿತಾ ಡಬ್ಬಿ ಕೆಳಗಿಟ್ಟು ಬಗ್ಗಿದಳು. ಅರ್ಧ ಸರಕಾರದ ಅನುದಾನ, ಅರ್ಧ ಪಂಚಾಯ್ತಿ ನಿಧಿ. ಎರಡು ಸಲ ಓದಿದಳು. ಪಂಚಾಯ್ತಿ ನಿಧಿ ಎಂದರೆ ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸುಡುಗಾಡಿನ ಹಾದಿಗೆಂದು ಇಟ್ಟದ್ದು ಅದೇ.

ಅವಳಿಗೆ ಗೊತ್ತಿರಲೇಬೇಕು, ಏಕೆಂದರೆ ಅವಳು ಆ ವಾರ್ಡಿನ ಸದಸ್ಯೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟವಳು, ಕಲಘಟಗಿ ಕಡೆಯ ಬಮ್ಮಿಗಟ್ಟಿಯಿಂದ ಈ ಎರೆ ಸೀಮೆಗೆ ಸೊಸೆಯಾಗಿ ಬಂದವಳು. ನಾಕು ಮಂದಿ ಎದುರಿಗೆ ಬಂದರೆ ಗೋಡೆಗೆ ಸರಿದು ನಿಲ್ಲುವ ಸ್ವಭಾವ. ವಾರ್ಡಿನ ಸೀಟು ಹೆಣ್ಣುಮಕ್ಕಳಿಗೆ ಮೀಸಲು ಆದಾಗ ಮಾವ ಮಡಿವಾಳೆಪ್ಪ ಚಾವಡಿಯಲ್ಲಿ ಕೂತು, "ನಮ್ಮ ಸೊಸಿ ನಿಂದರತಾಳ" ಎಂದು ಹೇಳಿ ಬಂದಿದ್ದರು. ಅವಳಿಗೆ ತಿಳಿದದ್ದು ರಾತ್ರಿ ಅವರಿಗೆ ಸಾರು ಬಡಿಸುವಾಗ. ಗೆದ್ದ ಮೇಲೆ ಮೀಟಿಂಗಿಗೆ ಹೋಗುವವನು ಗಂಡ, ಅಲ್ಲಿಯ ಕುರ್ಚಿಯಲ್ಲಿ ಕೂರುವವನು ಗಂಡ. ಅವಳು ಸಹಿ ಮಾಡುತ್ತಿದ್ದಳು. ಊರಿನಲ್ಲಿ ಮೆಂಬರ್ ಎಂದರೆ ಅವನೇ.

ಆದರೆ ಓಟು ಕೇಳಲು ಓಣಿ ತಿರುಗಿದಾಗ ಒಂದು ಮಾತನ್ನು ಮಾತ್ರ ಅವಳೇ ಬಾಯಿ ಬಿಟ್ಟು ಹೇಳಿದ್ದಳು. ಬಾಜು ಮನೆಯ ಜಮೀಲಾಬಿ ಅವಳ ಕೈ ಹಿಡಿದು, "ನಿನಗ ಹಾಕ್ತೇನಿ ಬೇ, ಆದ್ರ ಹಾದಿ ಮಾಡಿಸ್ತಿಯೇನು ಹೇಳು" ಎಂದು ಕೇಳಿದಾಗ, ಹಿಂದೆ ನಿಂತ ಗಂಡಸರು ಬಾಯಿ ತೆರೆಯುವ ಮೊದಲೇ "ಮಾಡಿಸ್ತೇನ್ರಿ ಅಮ್ಮಾ" ಅಂದಿದ್ದಳು. ಇಡೀ ಪ್ರಚಾರದಲ್ಲಿ ಅವಳಾಡಿದ ಮಾತು ಅಷ್ಟೇ.

ಹಳ್ಳದ ಆಚೆ ಬದಿಗೆ ಖಬರಸ್ತಾನವೂ ಲಿಂಗವಂತರ ಸುಡುಗಾಡೂ ಒಂದಕ್ಕೊಂದು ತಾಗಿಕೊಂಡಿದ್ದವು. ಎರಡಕ್ಕೂ ಒಂದೇ ಹಾದಿ, ಅದೂ ಎರೆ ಮಣ್ಣಿನದು. ಬಮ್ಮಿಗಟ್ಟಿಯ ಕೆಂಪು ಕೆಸರು ಒಂದು ಚೊಂಬು ನೀರಿಗೆ ಹೋಗುತ್ತದೆ. ಇಲ್ಲಿಯ ಕಪ್ಪು ಕೆಸರು ಕಾಲು ಹಿಡಿದರೆ ಚಪ್ಪಲಿ ಇಟ್ಟುಕೊಂಡು ಕಾಲನ್ನಷ್ಟೇ ಬಿಡುತ್ತದೆ. ಎರಡು ಮಳೆಗಾಲದ ಹಿಂದೆ ಜಮೀಲಾಬಿಯ ಗಂಡ ಅಲ್ಲಾಬಕ್ಷ ಶ್ರಾವಣದ ಜಡಿಮಳೆಯಲ್ಲಿ ತೀರಿಕೊಂಡ. ಹೊತ್ತವರು ಹಳ್ಳದ ದಂಡೆಯಲ್ಲಿ ಮೊಣಕಾಲುಮಟ ಕೆಸರಿನಲ್ಲಿ ಹೂತುಹೋದರು. ಒಬ್ಬ ಜಾರಿದ, ಡೋಲಿ ಒಂದು ಮಗ್ಗುಲಿಗೆ ಬಿತ್ತು. ಟ್ರ್ಯಾಕ್ಟರ್ ತಂದರು, ಅದೂ ಸಿಕ್ಕಿಕೊಂಡಿತು. ಮಣ್ಣು ಕೊಡುವ ಹೊತ್ತಿಗೆ ಸಂಜೆ ಆಗಿತ್ತು.

ಮನೆಯ ಹೆಂಗಸರಿಗೆ ಯಾರೂ ಇದನ್ನು ಹೇಳಲಿಲ್ಲ. ಹೆಂಗಸರು ಖಬರಸ್ತಾನಕ್ಕೆ ಹೋಗುವವರಲ್ಲ. ಮರುದಿನ ಮಗ ಮುನಾಫನ ಬಟ್ಟೆ ಒಗೆಯಲು ಕೂತಾಗ ಜಮೀಲಾಬಿಗೆ ತಿಳಿಯಿತು. ಪಾಯಿಜಾಮಾಕ್ಕೆ ಕೆಸರು ಹತ್ತುವುದು ಸರಿ. ಅಂಗಿಯ ಎದೆಗೆ, ಹೆಗಲಿಗೆ ಹೆಂಗ ಹತ್ತಿತು? "ಅಬ್ಬಾನ್ನ ಕೆಡವಿದ್ರೇನೋ?" ಎಂದು ಕೇಳಿದಳು. ಮುನಾಫ ಬಚ್ಚಲ ಬಾಗಿಲಲ್ಲಿ ಕೂತು ಅತ್ತ.

ಈಗ ಜಮೀಲಾಬಿಗೆ ನಡುವಿನಲ್ಲಿ ಶಕ್ತಿ ಇಲ್ಲ. ಎದೆಯಲ್ಲಿ ನೀರು ತುಂಬಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಸಾಯುವುದರ ಬಗ್ಗೆ ಅವಳು ಸಂತೆಯ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾಳೆ.

"ಏನ್ ಮೆಂಬರಬಾಯಿ," ಎಂದಳು ಅವತ್ತೂ, ಸುನಿತಾ ಹಿಟ್ಟಿನ ಡಬ್ಬಿ ಹೊತ್ತು ಓಣಿಗೆ ಬಂದಾಗ. "ನನ್ನ ಹಾದಿ ಎಲ್ಲೀತನ ಬಂತು?"

"ಆಕ್ಕೈತ್ರಿ ಅಮ್ಮಾ."

"ಲಗೂನ ಮಾಡಸು. ಇಲ್ಲಂದ್ರ ನಾ ಬ್ಯಾಸಗಿಯೊಳಗ ಸಾಯಬೇಕಾಕ್ಕೈತಿ. ಬ್ಯಾಸಗ್ಯಾಗ ಮುನಾಫಗ ಕೆಲಸ ಭಾಳ ಇರ್ತೈತಿ ಬೇ, ಪಾಪ." ಕೆಮ್ಮಿದಳು, ನಕ್ಕಳು, ಮತ್ತೆ ಕೆಮ್ಮಿದಳು. "ಮಣ್ಣಾಗ ಹೋಗೂದಕ್ಕ ನನಗೇನ ಅಂಜಿಕಿಲ್ಲ. ಹಾದ್ಯಾಗ ಬೀಳೂದು ಬ್ಯಾಡ ನೋಡು. ಮುದುಕಿ ಇದ್ದೇನಿ, ಮಂದಿ ಮುಂದ ಬಿದ್ರ ನಾಚಿಕಿ ಬರ್ತೈತಿ."

ಫ್ಲೆಕ್ಸಿನ ಸಣ್ಣ ಸಾಲಿನ ವಿಷಯ ಅವಳಿಗೆ ಹೇಳದೆ ಸುನಿತಾ ಡಬ್ಬಿ ಹೊತ್ತು ಮನೆಯೊಳಗೆ ಹೋದಳು.

ಗಂಡನಿಗೆ ಹೇಳಿದಳು. ಅವನು ಉಣ್ಣಲು ಕೂತಿದ್ದ, ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮುಖ ನೋಡದೆ ಮಾತಾಡುವುದು ಅವಳಿಗೆ ಸುಲಭ.

"ದೋಣಿಗೆ ಪಂಚಾಯ್ತಿ ರೊಕ್ಕ ಹಾಕ್ತಾರಂತಲ್ರಿ."

"ಹೂಂ. ಮೊನ್ನಿ ಮೀಟಿಂಗಿನ್ಯಾಗ ಹೇಳಿ ಬಂದೇನಿ, ನಮ್ಮ ವಾರ್ಡಿಂದು ಒಪ್ಪಿಗಿ ಐತಿ ಅಂತ."

ಅವಳ ಕೈ ನಿಂತಿತು. ರೊಟ್ಟಿಯ ಅಂಚು ಹರಿಯಿತು. ಅದನ್ನು ಮತ್ತೆ ಮುದ್ದೆ ಮಾಡಿದಳು.

"ಹಾದಿ?"

"ಹಾದಿ ಎಲ್ಲಿ ಓಡಿ ಹೊಕ್ಕೈತಿ? ಮುಂದಿನ ವರ್ಷ ಮಾಡೂಣು. ದೋಣಿ ಬಂತಂದ್ರ ಊರಿಗೆ ಒಂದ ಹೆಸರು. ಮೊರಬದ ಮಂದಿ, ಅಣ್ಣಿಗೇರಿ ಮಂದಿ ಇಲ್ಲಿಗೆ ಬರ್ತಾರ. ಅಂಗಡಿ ಹಾಕಬೌದು." ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹುರುಪಿತ್ತು. "ನಮ್ಮ ಹುಡುಗಗ ಒಂದ ಸಲ ಹುಬ್ಬಳ್ಳಿ ಗಾರ್ಡನ್ ತೋರಸಾಕ ಒಂದ ದಿನ ಹಾಳ. ಇಲ್ಲೇ ಇದ್ರ ಬ್ಯಾಡೇನು?"

"ನಾ ಜಮೀಲಾಬಿಗೆ ಮಾತ ಕೊಟ್ಟೇನ್ರಿ."

"ಇಲೆಕ್ಷನ್ನಿನ್ಯಾಗ ಕೊಟ್ಟದ್ದನ್ನ ಮಾತ ಅಂತಾರೇನು?" ಅವನು ನಕ್ಕ. ಒಳಗಿನಿಂದ ಅತ್ತೆ ಗೌರಕ್ಕನೂ ನಕ್ಕಳು. ಸುನಿತಾ ರೊಟ್ಟಿ ಬಡಿದಳು. ಆ ರೊಟ್ಟಿ ಎಲ್ಲೂ ಹರಿಯಲಿಲ್ಲ, ಅಷ್ಟು ಜೋರಾಗಿ ಬಡಿದಿದ್ದಳು.

ಗ್ರಾಮಸಭೆ ಸಾಲೆಯ ಅಂಗಳದಲ್ಲಿ ಸೇರಿತು. ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಹಿಂದೆ ಗೋಡೆಯ ನೆರಳಿನಲ್ಲಿ ಜಮಖಾನೆ. ಗ್ರಾಮಸಭೆ ನಡೆಯುವ ರೀತಿ ಎಲ್ಲರಿಗೂ ಗೊತ್ತು. ಪಿಡಿಓ ಸಾಹೇಬರು ವಿಷಯ ಓದುತ್ತಾರೆ, ಅಧ್ಯಕ್ಷ ಶಂಕ್ರಪ್ಪ "ಏನ್ರಪಾ, ಹೌದಿಲ್ಲೋ?" ಅನ್ನುತ್ತಾರೆ, ಮಂದಿ ಚಪ್ಪಾಳೆ ತಟ್ಟುತ್ತಾರೆ, ಆಯಿತು ಎಂದು ಬರೆದುಕೊಳ್ಳುತ್ತಾರೆ. ಕೈ ಎತ್ತಿಸುವುದು, ಎಣಿಸುವುದು ಅಂಥದ್ದೇನೂ ಇಲ್ಲ. ಕೊನೆಗೆ ಚಹಾ.

ಅವತ್ತು ಮಾತ್ರ ದೋಣಿಯ ವಿಷಯ ಬಂದಾಗ ಚಪ್ಪಾಳೆಗಿಂತ ಮೊದಲು ಮಾತು ಬಂತು.

"ಹೋಳಿ ಆದಮ್ಯಾಲ ಕೆರಿ ಒಣಗತೈತಿ," ಎಂದ ಒಬ್ಬ ಮುದುಕ. "ಆಗ ದೋಣಿಗೆ ಗಾಲಿ ಹಚ್ಚತೀರೇನು?"

"ಎತ್ತು ಹೂಡತಾರ," ಎಂದ ಇನ್ನೊಬ್ಬ.

"ಬೋರ್ ಹಾಕಿಸಿ ತುಂಬಿಸ್ತೀವಿ," ಅಂದರು ಪಿಡಿಓ. ಅವರು ಹೊಸದಾಗಿ ವರ್ಗವಾಗಿ ಬಂದವರು, ದಾವಣಗೆರೆಯ ಆಚೆಯವರು, ಮಾತಿನಲ್ಲಿ ಆ ಕಡೆಯ ನಯ ಇತ್ತು.

"ಕುಡಿಯಾಕ ವಾರಕ್ಕೊಮ್ಮಿ ನೀರ ಬಿಡ್ತೀರಿ. ದ್ವಾಣಿಗೆ ಬೋರ್ ಹಾಕಸ್ತೀರಿ. ಚಲೋ ಆತು. ಬಾಯಾರಿದವರು ದ್ವಾಣ್ಯಾಗ ಕುಂತು ಕುಡೀಲಿ," ಎಂದ ಮೊದಲಿನ ಮುದುಕ.

ಮಂದಿ ನಕ್ಕರು. ಮೊಬೈಲ್ ಅಂಗಡಿಯ ಹನುಮೇಶ ಎದ್ದು ನಿಂತ. "ಎಲ್ಲಾದಕ್ಕೂ ನಗಬ್ಯಾಡ್ರಿ ಕಾಕಾ. ಹಳ್ಳ್ಯಾಗ ಹುಟ್ಟಿದ್ದಕ್ಕ ನಾವು ಬರೇ ಗಟಾರ, ನಳ, ಹಾದಿ ಇಷ್ಟ ಕೇಳಬೇಕೇನು? ನಮ್ಮ ಹುಡುಗರು ಆಡಾಕ ಒಂದ ಜಾಗಾ ಬ್ಯಾಡ? ಶಹರದವರಿಗೆ ಗಾರ್ಡನ್ನು, ನಮಗ ಗಟಾರ?" ಹುಡುಗರು ಸೀಟಿ ಹೊಡೆದರು. ಸುನಿತಾಗೆ ಅವನ ಮಾತು ಸುಳ್ಳೆಂದು ಅನ್ನಿಸಲಿಲ್ಲ. ಅದೇ ತಾಪತ್ರಯ. ಅವಳ ಮಗನೂ ಫ್ಲೆಕ್ಸಿನ ಮುಂದೆ ದಿನಾ ನಿಂತು ಹಂಸಕ್ಕೆ ಕೈ ಬೀಸಿ ಬರುತ್ತಿದ್ದ.

ಮುನಾಫ ಎದ್ದ. "ದೋಣಿ ಬ್ಯಾಡನ್ನಂಗಿಲ್ರಿ. ಹಾದಿ ಮೊದಲ ಮಾಡ್ರಿ ಅಂತೇವಿ. ಅದರ ರೊಕ್ಕಾನ ಇದಕ್ಕ ಹಾಕಬ್ಯಾಡ್ರಿ."

ಶಂಕ್ರಪ್ಪ ಒಳ್ಳೆಯ ಮನುಷ್ಯ. ಯಾರ ಮನೆಯ ಮದುವೆಯಿದ್ದರೂ ಮುಂದೆ ನಿಲ್ಲುವವರು, ಎಂಥ ಜಗಳವನ್ನೂ ಒಂದು ಚೇಷ್ಟೆಯಲ್ಲಿ ಮುಗಿಸುವವರು. "ಮುನಾಫ, ನೀನ ಹೇಳಪಾ," ಎಂದರು. "ಸತ್ತವರು ಯಾರರ ಬಂದು ಹಾದಿ ಚಲೋ ಇರಲಿಲ್ಲ ಅಂತ ತಕರಾರ ಮಾಡ್ಯಾರೇನು? ಇದ್ದವರಿಗೆ ಮೊದಲ ಏನರ ಮಾಡೂಣು."

ದೊಡ್ಡ ನಗೆ ಎದ್ದಿತು. ಮುನಾಫನೂ ನಗಬೇಕಾಯಿತು. ನಗುತ್ತಲೇ ಕೂತ. ಕೂತ ಮೇಲೆ ಅವನ ಮುಖದಲ್ಲಿ ಆ ನಗು ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು, ತೆಗೆಯುವುದು ಮರೆತವನ ಹಾಗೆ.

ಸುನಿತಾ ಎದ್ದು ನಿಂತಿದ್ದಳು. ಯಾವಾಗ ಎದ್ದಳೆಂದು ಅವಳಿಗೇ ಗೊತ್ತಿಲ್ಲ. ಬಾಜು ಕೂತ ಗೌರಕ್ಕ ಸೀರೆಯ ಸೆರಗು ಹಿಡಿದು ಜಗ್ಗಿದಳು.

"ನಂದು ಒಪ್ಪಿಗಿ ಇಲ್ರಿ," ಎಂದಳು.

ಮೊದಲ ಸಲ ಯಾರಿಗೂ ಕೇಳಲಿಲ್ಲ. ಎರಡನೇ ಸಲ ಕೇಳಿತು. ಕುರ್ಚಿಗಳು ಕರಕರ ಅಂದವು, ಎಲ್ಲರೂ ಹಿಂದೆ ತಿರುಗಿದರು.

ಪಿಡಿಓ ಸಾಹೇಬರು ಹಾಳೆ ತಿರುವಿದರು. "ಮೇಡಂ, ನೀವು ಆ ವಾರ್ಡಿನ ಸದಸ್ಯರಲ್ವಾ? ನಿಮ್ಮ ವಾರ್ಡಿನ ಒಪ್ಪಿಗೆ ಇದೆ ಅಂತ, ನಾನು ಬರೋ ಮುಂಚಿನ ಮೀಟಿಂಗಲ್ಲೇ ಬಂದಿದೆಯಲ್ಲ."

"ನಾ ಹೇಳಿಲ್ರಿ."

"ಮತ್ತೆ ಯಾರು ಹೇಳಿದ್ದು?"

"ಅವರು ಹೇಳ್ಯಾರ್ರಿ."

"ಅವರು ಅಂದ್ರೆ?"

"ಅವರ್ರಿ." ಸುನಿತಾ ಗಂಡ ಕೂತ ಕಡೆ ಗದ್ದದಿಂದಲೇ ತೋರಿಸಿದಳು. ಅವನು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಪಿಡಿಓ ನಿಜವಾಗಿ ಬರೆದುಕೊಳ್ಳುವವರಂತೆ ಪೆನ್ನು ತೆಗೆದರು. ಅಷ್ಟಕ್ಕೇ ಸುನಿತಾ ಗೋಡೆಯ ನೆರಳಿನಿಂದ ಒಂದು ಹೆಜ್ಜೆ ಮುಂದೆ ಬಂದಳು. "ಹೆಸರು ಹೇಳಿ ಮೇಡಂ. ಸದಸ್ಯರು ಹೇಳಿಲ್ಲ, ಇಂಥವರು ಹೇಳಿದ್ದು ಅಂತ ನಡಾವಳಿಯಲ್ಲಿ ಬರಬೇಕಲ್ಲ. ಆಗ ಅದನ್ನ ತಿದ್ದಬಹುದು."

ಹೆಸರು. ಮದುವೆಯಾದ ಮೇಲೆ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ರೇಷನ್ ಕಾರ್ಡಿನವರಿಗೆ, ಆಸ್ಪತ್ರೆಯವರಿಗೆ ಗೌರಕ್ಕನೋ ಮತ್ತೊಬ್ಬರೋ ಹೇಳುತ್ತಿದ್ದರು. ಈ ಊರಿನ ಹೆಂಡಂದಿರಿಗೆಲ್ಲ ಅದೇ ರೂಢಿ. ಮದುವೆ ಸೀಮಂತಗಳಲ್ಲಿ ಒಡಪು ಕಟ್ಟಿ, ಪ್ರಾಸದ ಸಾಲಿನೊಳಗೆ ಅಡಗಿಸಿ ಹೇಳುವುದಷ್ಟೇ ಉಂಟು. ಅದು ತಪ್ಪೋ ಸರಿಯೋ ಎಂದು ಸುನಿತಾ ವಿಚಾರ ಮಾಡಿದವಳಲ್ಲ. ಈಗ ಬಾಯಿ ತೆರೆದಳು, ಬಂದದ್ದು ರೂಢಿಯ ಮಾತೇ.

"ನಮ್ಮ ಮನಿಯವರ್ರಿ," ಎಂದಳು.

"ಹೆಸರು?"

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಸಾಹೇಬ್ರ, ನಮ್ಮ ಕಡೆ ಹಂಗ ಹೇಳೂದಿಲ್ರಿ," ಎಂದು ಶಂಕ್ರಪ್ಪ ಎದ್ದು ನಿಂತು ವಿವರಿಸಿದರು, ಮನೆಗೆ ಬಂದ ಬೀಗರಿಗೆ ಊಟದ ಪದ್ಧತಿ ಹೇಳುವ ಖುಷಿಯಲ್ಲಿ. "ಗಂಡನ ಹೆಸರು ಬೇಕಂದ್ರ ಒಡಪು ಹಾಕಸಬೇಕು. ಹಾಕ್ರಿ ತಂಗಿ. ಸಾಹೇಬ್ರೂ ಕೇಳಲಿ. ಒಡಪು ಹಾಕಿದ್ರ ನಿಮ್ಮ ಹಾದಿ ವಿಚಾರ ಮಾಡೂಣು."

"ಹಾಕಬೇ ಸುನೀ," ಎಂದರು ಹಿಂದಿನ ಹೆಂಗಸರು. ಅವರಿಗೂ ಉಮೇದಿ ಬಂದಿತ್ತು. "ಹಾಕು, ನಾಚಬ್ಯಾಡ." ಹುಡುಗರು ಮೊಬೈಲು ಎತ್ತಿ ಹಿಡಿದರು. ಗಂಡ ಮೀಸೆ ಮುಟ್ಟಿಕೊಂಡು ನಗುತ್ತಿದ್ದ.

ಸುನಿತಾ ಮುನಾಫನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಹಾದಿ ವಿಚಾರ ಮಾಡೂಣು ಅಂದಿದ್ದರು, ಎಲ್ಲರ ಮುಂದೆ ಅಂದಿದ್ದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಲೆಯ ಮುಂದೆ ಕೂತಾಗ ಮನಸ್ಸಿನೊಳಗೆ ತಾನೇ ಮಾತು ಜೋಡಿಸಿಕೊಳ್ಳುವ ಚಟ ಅವಳಿಗೆ ಮೊದಲಿನಿಂದ ಇತ್ತು, ಯಾರಿಗೂ ಕೇಳಿಸಿರಲಿಲ್ಲ. ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ಹೇಳಿದಳು:

"ಹೆಣ ಹೊರೂ ಹಾದ್ಯಾಗ ಮೊಣಕಾಲ ಕೆಸರು,
ದೋಣಿಗೆ ಹೂಂ ಅಂದವರದು ಪ್ರಭು ಅಂತ ಹೆಸರು."

ಕಣ್ಣು ತೆರೆದಳು. ಆ ಗಳಿಗೆಯಲ್ಲಿ ಅವಳು ಅಂದುಕೊಂಡಳು, ಮುಟ್ಟಿತು.

ಆಮೇಲೆ ಚಪ್ಪಾಳೆ ಬಿತ್ತು. ಸಾಲೆಯ ತಗಡು ನಡುಗುವಂಥ ಚಪ್ಪಾಳೆ. ಸೀಟಿ ಹೊಡೆದರು, ಮುದುಕರು "ಭಲೆ ತಂಗಿ" ಅಂದರು, ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗೌರಕ್ಕ ಸೊಸೆಯ ಬೆನ್ನು ಚಪ್ಪರಿಸಿ, "ಮದಿವ್ಯಾಗ ಹಾಕಂದ್ರ ಅತಗೊಂತ ಕುಂತಿದ್ದಿ, ಈಗ ನೋಡು" ಎಂದಳು. ಪ್ರಭು ಎದ್ದು ನಿಂತು ಸುತ್ತಲೂ ಕೈ ಮುಗಿದ, ಬಹುಮಾನ ಬಂದವನ ಹಾಗೆ.

"ಕೇಳಿದ್ರಿಲ್ಲೋ ಸಾಹೇಬ್ರ," ಶಂಕ್ರಪ್ಪ ಕಣ್ಣೊರೆಸಿಕೊಂಡರು. "ಗಂಡ ಹೂಂ ಅಂದಾನಂತ ಹೆಂಡ್ತಿ ಬಾಯಿಂದನ ಬಂತು. ಮಂದೀನೂ ಚಪ್ಪಾಳಿ ಹೊಡದ್ರು. ಇನ್ನೇನ ಬೇಕು? ಬರಕೋರಿ. ಲೇ, ಚಹಾ ತರ್ರೋ."

ಸುನಿತಾ ನಿಂತೇ ಇದ್ದಳು. "ಅದು ಒಪ್ಪಿಗಿ ಅಲ್ರಿ," ಎಂದಳು. "ಚಪ್ಪಾಳಿ ನನ್ನ ಒಡಪಿಗೆ ಬಿದ್ದದ್ರಿ. ದೋಣಿಗಲ್ಲ." ಸ್ಟೀಲಿನ ಕೆಟಲಿಯ ಸುತ್ತ ಮಂದಿ ಮುಕುರಿಕೊಂಡಿದ್ದರು. ಪಿಡಿಓ ತಲೆ ತಗ್ಗಿಸಿ ಬರೆಯುತ್ತಿದ್ದರು. ಹಾದಿ ಎಂದು ಅವಳು ಮತ್ತೊಮ್ಮೆ ಹೇಳಿದಾಗ ಯಾರೋ ಸರಿದು ದಾರಿ ಕೊಟ್ಟರು. ಅವಳು ಹೊರಗೆ ಹೋಗಲು ಜಾಗ ಕೇಳುತ್ತಿದ್ದಾಳೆ ಅಂದುಕೊಂಡಿದ್ದರು.

ಒಡಪು ಮೊಬೈಲಿನಲ್ಲಿ ಊರೂರಿಗೆ ಹೋಯಿತು. ಮಿಶ್ರಿಕೋಟಿಯಿಂದ ಅಕ್ಕ ಫೋನ್ ಮಾಡಿ, "ಏನ ಚಂದ ಹಾಕೀಯಬೇ" ಎಂದಳು. ಹಾದಿಯ ಬಗ್ಗೆ ಕೇಳಲಿಲ್ಲ. ಪ್ರಭು ಹೋದಲ್ಲಿ ಬಂದಲ್ಲಿ ಅದನ್ನು ಹಚ್ಚಿ ತೋರಿಸುತ್ತಿದ್ದ. "ಅಗದಿ ಪ್ರಾಸ ಕೂಡೇತಿ. ಕೆಸರು, ಹೆಸರು," ಎಂದು ಮೆಚ್ಚುತ್ತಿದ್ದ. ಒಂದು ದಿನ ಅವಳು ಕೇಳಿದಳು, "ಅದರಾಗ ನಾ ಏನ ಹೇಳೇನಿ ತಿಳೀತೇನ್ರಿ?" ಅವನು, "ತಿಳೀದ ಏನು, ನನ್ನ ಹೆಸರು ಹೇಳೀದಿ" ಅಂದ. ಪ್ರೀತಿಯಿಂದಲೇ ಅಂದ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳು ಹಿತ್ತಲಿಗೆ ಹೋಗಿ, ತಿಕ್ಕಿದ ಪಾತ್ರೆಗಳನ್ನೇ ಮತ್ತೊಮ್ಮೆ ತಿಕ್ಕಿದಳು.

ಜಮೀಲಾಬಿ ಏನೂ ಕೇಳಲಿಲ್ಲ. ಮುನಾಫ ಹೇಳಿರಬೇಕು. ಸುನಿತಾ ಓಣಿಯಲ್ಲಿ ಹಾಯುವಾಗ "ಉಂಡಿ ಏನು" ಎಂದಷ್ಟೇ ಕೇಳುತ್ತಿದ್ದಳು. ಮೆಂಬರಬಾಯಿ ಎಂದು ಕರೆಯುವುದನ್ನು ಬಿಟ್ಟಿದ್ದಳು. ಅದು ಸುನಿತಾಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮುಂಗಾರು ಹಿಡಿದು ಮಿರಗದ ಮೊದಲ ಮಳೆ ಬಂದ ಮರುದಿನ ಜಮೀಲಾಬಿಯ ಮನೆಯ ಮುಂದೆ ಟಂಟಂ ಗಾಡಿ ನಿಂತಿತ್ತು. ಹಾಸಿಗೆ, ಕೊಡ, ಒಂದು ತಗಡಿನ ಪೆಟ್ಟಿಗೆ ಹಿಂದೆ ಏರಿದ್ದವು. ಸುನಿತಾ ಓಡಿ ಬಂದಳು.

"ಎಲ್ಲಿಗೆ ಹೊಂಟ್ರಿ ಅಮ್ಮಾ?"

"ಅಣ್ಣಿಗೇರಿಗೆ, ಶಮೀಮಾನ ಮನಿಗೆ." ಶಮೀಮಾಬಿ ದೊಡ್ಡ ಮಗಳು. "ಅಲ್ಲಿ ಖಬರಸ್ತಾನದ ಬಾಗಿಲತನ ಡಾಂಬರ ಐತಂತ. ಮಳಿಗಾಲ ಅಲ್ಲೇ ಇರ್ತೇನಿ."

"ಅಬ್ಬಾ ಇಲ್ಲಿ ಅದಾರ," ಎಂದ ಮುನಾಫ, ಯಾರ ಕಡೆಗೂ ನೋಡದೆ. ತಾಯಿಯ ಜೊತೆ ಈ ಮಾತು ಮೊದಲೇ ಹಲವು ಸಲ ಆಗಿದೆ ಎಂದು ಅವನ ದನಿಯಲ್ಲೇ ತಿಳಿಯುತ್ತಿತ್ತು. "ಇಬ್ಬರೂ ಬಾಜೂ ಬಾಜೂ ಇರೂಣು ಅಂತ ಅವರಿಗೆ ಮಾತ ಕೊಟ್ಟಾಳ ಈಕಿ."

"ಕೊಟ್ಟೇನಿ. ಏನ ಮಾಡ್ಲಿ? ನಿಮ್ಮಬ್ಬಾ ಜಿಂದಗಿ ತುಂಬ ನನಗ ದಾರಿ ಕಾಯಿಸ್ಯಾನ. ಈಗ ಅಂವಾ ಸೊಲ್ಪ ಕಾಯಲಿ." ಜಮೀಲಾಬಿ ಕೈ ಚಾಚಿದಳು, ಸುನಿತಾ ಒಂದು ರಟ್ಟೆ ಹಿಡಿದಳು, ಮುನಾಫ ಇನ್ನೊಂದು. ಎತ್ತಿದಾಗ ಮುದುಕಿಗೆ ತೂಕವೇ ಇರಲಿಲ್ಲ. ಆದರೂ ಓಣಿಯ ಕೆಸರಿನಲ್ಲಿ ಮುನಾಫನ ಕಾಲು ಒಂದು ಸಲ ಸರಿಯಿತು, ಮೂವರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು ನಿಂತರು.

"ಸಿಟ್ಟ ಅದೀರೇನ್ರಿ ನನ್ನ ಮ್ಯಾಲ?" ಸುನಿತಾ ಕೇಳಿದಳು.

ಜಮೀಲಾಬಿ ಉಸಿರು ತಗೊಂಡಳು. "ಇದ್ದೇನಿ," ಎಂದಳು. "ಸುಳ್ಳ ಯಾಕ ಹೇಳ್ಲಿ? ನಿನಗ ಓಟು ಹಾಕೇನಿ. ನಿನ್ನ ಗಂಡಗ ಹಾಕಿಲ್ಲ."

ಟಂಟಂ ಹೋಯಿತು. ಸುನಿತಾ ಮನೆಗೆ ಬಂದಾಗ ಪ್ರಭು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಪಂಚಾಯ್ತಿ ಮೀಟಿಂಗ್ ಇತ್ತು. ಅವಳು ಕಾಲು ಕೂಡ ತೊಳೆಯಲಿಲ್ಲ.

"ನಾ ಹೊಂಟೇನಿ ಮೀಟಿಂಗಿಗೆ," ಎಂದಳು.

"ನೀ ಯಾಕ? ಅಲ್ಲಿ ನಮ್ಮ ವಾರ್ಡಿಗೆ ಒಂದ ಕುರ್ಚಿ ಇರೂದು."

"ಹಂಗಾರ ನೀವು ನಿಂದರ್ರಿ."

ಅವನು ಹಾಸ್ಯವೆಂದು ನಕ್ಕ. ಬೂಟು ಹುಡುಕುವಷ್ಟರಲ್ಲಿ ಅವಳು ಓಣಿ ದಾಟಿದ್ದಳು.

ಪಂಚಾಯ್ತಿ ಆಫೀಸಿನಲ್ಲಿ ಅವಳನ್ನು ನೋಡಿದವರು ಅವಳ ಹಿಂದೆ ಪ್ರಭುವನ್ನು ಹುಡುಕಿದರು. "ಬರ್ರಿ ತಂಗಿ, ಬರ್ರಿ," ಎಂದರು ಶಂಕ್ರಪ್ಪ. "ಇವತ್ತೂ ಒಂದು ಒಡಪು ಆಗಲಿ." ಅವಳು ಉತ್ತರ ಕೊಡದೆ ಕುರ್ಚಿಯಲ್ಲಿ ಕೂತಳು. ಪ್ರಭು ಹಿಂದಿನಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿದ.

ಅವತ್ತಿನ ವಿಷಯ ದೋಣಿಗಳಿಗೆ ಯಾವ ಬಣ್ಣ ಎಂಬುದು. ಕಂಪನಿಯವರು ಬಣ್ಣದ ಹಾಳೆ ಕಳಿಸಿದ್ದರು. ಒಬ್ಬರು ಬಿಳಿ ಅಂದರು, ಎರೆ ಮಣ್ಣಿಗೆ ಬಿಳಿ ಉಳಿಯುವುದಿಲ್ಲ ಅಂದರು ಇನ್ನೊಬ್ಬರು. ಹಳದಿ ಅಂದರೆ ಸಾಲೆಯ ವ್ಯಾನು ನೆನಪಾಗುತ್ತದೆ ಎಂದಾಯಿತು. ಹಸಿರು ಕೇಸರಿ ಎರಡನ್ನೂ ಯಾರೂ ಎತ್ತಲಿಲ್ಲ. ಬಹಳ ಹೊತ್ತು ಹೀಗೇ ನಡೆಯಿತು. ಹೊರಗೆ ಮಳೆ ಮತ್ತೆ ಹಿಡಿದಿತ್ತು. ಹಾದಿಗಾಗಿ ಇಷ್ಟು ಹೊತ್ತು ಇವರೆಲ್ಲ ಎಂದಾದರೂ ಕೂತಿದ್ದರೇ ಎಂದು ಸುನಿತಾ ನೆನಪು ಮಾಡಿಕೊಳ್ಳಲು ನೋಡಿದಳು. ಗೊತ್ತಾಗಲಿಲ್ಲ. ಇಲ್ಲಿ ಅವಳು ಹಿಂದೆ ಯಾವತ್ತೂ ಕೂತಿರಲಿಲ್ಲ.

"ಬಣ್ಣದ ವಿಷಯ ಹೆಣ್ಣುಮಕ್ಕಳಿಗೆ ಚಲೋ ತಿಳೀತೈತಿ," ಎಂದರು ಶಂಕ್ರಪ್ಪ. "ತಂಗಿ, ನೀವ ಹೇಳ್ರಿ."

"ಸುಡುಗಾಡಿನ ಹಾದಿ ಆಗೂತನ ನಾ ಬಣ್ಣ ಹೇಳೂದಿಲ್ರಿ."

"ನೀಲಿ ಬರಕೋರಿ ಸಾಹೇಬ್ರ," ಬಾಗಿಲಿನಿಂದ ಪ್ರಭು ಹೇಳಿದ. "ನಮ್ಮ ವಾರ್ಡಿಂದು ನೀಲಿ."

ಪಿಡಿಓ ಪೆನ್ನು ಹಾಳೆಗೆ ತಾಗಿಸಿದರು.

"ಅವರು ಮೆಂಬರ್ ಅಲ್ರಿ," ಎಂದಳು ಸುನಿತಾ. ಹಿಂದೆ ತಿರುಗಲಿಲ್ಲ. ತಿರುಗಿದರೆ ಧೈರ್ಯ ಹೋಗುತ್ತಿತ್ತು. "ವಾರ್ಡಿಂದು ನಾ ಹೇಳ್ತೇನಿ."

ಪೆನ್ನು ನಿಂತಿತು. ಪಿಡಿಓ ಅವಳನ್ನು ನೋಡಿದರು, ಬಾಗಿಲು ನೋಡಿದರು, ಅಧ್ಯಕ್ಷರನ್ನು ನೋಡಿದರು. ಶಂಕ್ರಪ್ಪ ಚೇಷ್ಟೆಯ ಮಾತೊಂದನ್ನು ಹುಡುಕಿದರು. ಅವರಿಗೆ ಸಿಗಲಿಲ್ಲ.

"ಏನಂತ ಬರೀಲಿ ಮೇಡಂ?"

"ಒಪ್ಪಿಗಿ ಇಲ್ಲಂತ ಬರೀರಿ. ಹಾದಿ ಮೊದಲ ಅಂತ ಬರೀರಿ."

ಪಿಡಿಓ ಬರೆದರು. ಬರ‍್ರನೆ ಬರೆದು ಮುಂದಿನ ಹಾಳೆಗೆ ಕೈ ಹಾಕಿದರು.

"ಓದಿ ಹೇಳ್ರಿ," ಎಂದಳು ಸುನಿತಾ.

ಅವರು ಗಂಟಲು ಸರಿ ಮಾಡಿಕೊಂಡು ಓದಿದರು. "ದೋಣಿಗಳಿಗೆ ನೀಲಿ ಬಣ್ಣ ಎಂದು ತೀರ್ಮಾನಿಸಲಾಯಿತು. ಒಬ್ಬ ಸದಸ್ಯರ ವಿರೋಧವಿದೆ."

"ಯಾಕ ವಿರೋಧ ಅಂತ ಇಲ್ಲಲ್ರಿ."

"ಅಷ್ಟು ಬರೆಯೋ ಪದ್ಧತಿ ಇಲ್ಲ ಮೇಡಂ."

"ಹಾದಿ ಅನ್ನೂದು ಎರಡ ಅಕ್ಷರ ಐತ್ರಿ," ಎಂದಳು. ಅವಳು ಏಳಲಿಲ್ಲ. ಯಾರೂ ಮುಂದಿನ ವಿಷಯ ಎತ್ತಲಿಲ್ಲ. ಪಿಡಿಓ ಸಾಹೇಬರು ಬರೆದ ಹಾಳೆಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡು, ಸಾಲಿನ ಕೊನೆಯಲ್ಲಿ ಜಾಗ ಇದೆಯೋ ಇಲ್ಲವೋ ಎಂದು ನೋಡತೊಡಗಿದರು.